ಬಂದವರ ಲೆಕ್ಕ, ಹುಟ್ಟಿದವರ ಲೆಕ್ಕ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ತಮ್ಮ ಹೆಸರನ್ನು ವೇದಿಕೆಯಲ್ಲಿ ಹೇಳಬಾರದು, ಅಚ್ಚಿನಲ್ಲೂ ಹಾಕಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಅವರ ಇನ್ನೊಂದು ಷರತ್ತು, ಮಾತು ಆಗತಾನೇ ಹುಟ್ಟಿದ ಕೂಸಿನ ಬಗ್ಗೆ ಇರಬೇಕು, ಮುಂದಿನ ಸಾಲಿನಲ್ಲಿ ಕೂತ ಆಶಾ ಕಾರ್ಯಕರ್ತೆಯರಿಗೆ ತಿಳಿಯುವಂತಿರಬೇಕು ಎಂಬುದು. ಮೂವತ್ತು ವರ್ಷ ಅಂಗರಚನಾಶಾಸ್ತ್ರ ಪಾಠ ಮಾಡಿದವಳಿಗೆ ಇದು ತುಸು ಕಷ್ಟದ ಷರತ್ತೇ. ನಾಲಿಗೆ ಲ್ಯಾಟಿನ್ ಕಡೆಗೆ ಜಾರಿದರೆ ಅಲ್ಲಿಂದಲೇ ಕೈ ಎತ್ತಿರಿ.

ಊರನ್ನು ಆರಿಸಿದ್ದು ಮಾತ್ರ ನಾನು. ಭೀಮಾ ದಂಡೆಯ ಇಲ್ಲಿಯ ಭಾಗ್ಯವಂತಿ ಗುಡಿಗೆ ಅಮಾಸಿಗೆ, ಹುಣ್ಣಿವಿಗೆ ಬರುವವರಲ್ಲಿ ಕಂಕುಳಲ್ಲಿ ಕೂಸು ಇಟ್ಟುಕೊಂಡು ಬರುವವರು ಬಹಳ. ಯಾರದೋ ಜವಳ, ಯಾರದೋ ಹರಕೆ. ನಾನು ಸಣ್ಣವಳಿದ್ದಾಗ ಇಲ್ಲಿಯ ಪಾವಟಿಗೆಯ ಮೇಲೆ ಕೇಳಿಸಿಕೊಂಡ ಒಂದು ಮಾತು ಇನ್ನೂ ಕಿವಿಯಲ್ಲಿದೆ. ಕೂಸಿನ ಕಣ್ಣು ತುಸು ಓರೆ, ಮೂಗಿನ ದಿಂಡು ಚಪ್ಪಟೆ, ನಾಲಿಗೆ ತುಟಿಯ ಮೇಲೆ. ಎತ್ತಿಕೊಂಡರೆ ಕೈಕಾಲು ಬಿಗಿಯೇ ಇಲ್ಲದೆ ಜೋಲುತ್ತಿತ್ತು. ಪಕ್ಕದಲ್ಲಿ ಕೂತಾಕೆ ಕೇಳಿದಳು: “ಗ್ರಾಣ ಹಿಡಿದಾಗ ಹೊರಗ ಹೋಗಿದ್ದೇನವ್ವಾ?” ಆ ತಾಯಿ ಸೆರಗನ್ನು ಕೂಸಿನ ಮುಖದ ಮೇಲೆ ಎಳೆದಳು, ಅಷ್ಟೇ. ಆಕೆಗೆ ಹತ್ತೊಂಬತ್ತೋ ಇಪ್ಪತ್ತೋ ಇದ್ದಿರಬೇಕು.

ಆ ಪ್ರಶ್ನೆಗೆ ಉತ್ತರ ಅಷ್ಟು ಹೊತ್ತಿಗಾಗಲೇ ಪ್ಯಾರಿಸ್ಸಿನಲ್ಲಿ ಅಚ್ಚಾಗಿತ್ತು. ಪಾವಟಿಗೆಗೆ ಬಂದಿರಲಿಲ್ಲ.

ನಮ್ಮ ಪ್ರತಿ ಜೀವಕೋಶದಲ್ಲಿ 46 ವರ್ಣತಂತುಗಳಿವೆ, 23 ತಾಯಿಯಿಂದ, 23 ತಂದೆಯಿಂದ. ಈಗ ಇದನ್ನು ಹೈಸ್ಕೂಲ್ ಹುಡುಗರೂ ಹೇಳುತ್ತಾರೆ. ಆದರೆ 1955ರವರೆಗೆ ಜಗತ್ತಿನ ಪಠ್ಯಪುಸ್ತಕಗಳಲ್ಲೆಲ್ಲ 48 ಎಂದಿತ್ತು. 1920ರ ದಶಕದಲ್ಲಿ ದೊಡ್ಡವರೊಬ್ಬರು 48 ಎಂದರು. ಆಮೇಲೆ ಎಣಿಸಿದವರಿಗೂ 48ನ್ನೇ ಕಾಣುವ ಅಭ್ಯಾಸವಾಯಿತು. ಜಾವಾದಲ್ಲಿ ಹುಟ್ಟಿ, ಜಪಾನೀಯರ ಸೆರೆಶಿಬಿರದಲ್ಲಿ ಚಿತ್ರಹಿಂಸೆ ಅನುಭವಿಸಿ ಬಂದ ಜೋ ಹಿನ್ ಜೋ ಎಂಬಾತ 1955ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಕೂತು ಎಣಿಸಿದಾಗ 46 ಬಂತು. ಮತ್ತೆ ಎಣಿಸಿದ, ಮತ್ತೆ 46. ಆಲ್ಬರ್ಟ್ ಲೆವಾನ್ ಜೊತೆ ಸೇರಿ 1956ರಲ್ಲಿ ಅದನ್ನು ಪ್ರಕಟಿಸಿದ. ಇದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆತನ ಸೂಕ್ಷ್ಮದರ್ಶಕಕ್ಕಿಂತ ಆತ ಪುಸ್ತಕವನ್ನು ಬದಿಗಿಟ್ಟು ಎಣಿಸಿದ್ದು.

46 ಎಂದು ಗೊತ್ತಾದ ಮೇಲೆ 47 ಕಾಣುವುದಕ್ಕೆ ಮೂರೇ ವರ್ಷ ಸಾಕಾಯಿತು. ಪ್ಯಾರಿಸ್ಸಿನಲ್ಲಿ ಮಾರ್ಥ್ ಗೋತಿಯೆ ಎಂಬ ವೈದ್ಯೆ ಅಮೆರಿಕದಲ್ಲಿ ಕೋಶಕೃಷಿ ಕಲಿತು ಬಂದು, ಸರಿಯಾದ ಸಾಮಾನೇ ಇಲ್ಲದ ಕೋಣೆಯಲ್ಲಿ ಕೆಲಸ ಹೂಡಿದಳು. ಪ್ಲಾಸ್ಮಾಕ್ಕೆಂದು ಒಂದು ಹುಂಜ ಸಾಕಿದಳು, ಸೀರಮ್ಮಿಗೆ ತನ್ನ ರಕ್ತವನ್ನೇ ತೆಗೆದಳು. ಪಾವಟಿಗೆಯ ಆ ಕೂಸಿನಂಥ, ಡೌನ್ ಸಿಂಡ್ರೋಮಿನ ಮಕ್ಕಳಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಇರುವುದು ಆಕೆಯ ಸ್ಲೈಡುಗಳಲ್ಲಿ ಕಂಡಿತು. 1959ರ ಜನವರಿಯಲ್ಲಿ ಲೇಖನ ಬಂದಾಗ ಮೊದಲ ಹೆಸರು ಜೆರೋಮ್ ಲೆಜೂನ್ ಅವರದು. ಗೋತಿಯೆಯ ಹೆಸರು ಎರಡನೆಯದು, ಅದೂ ತಪ್ಪು ಅಕ್ಷರಗಳಲ್ಲಿ. ಆಕೆ ಈ ಕಥೆಯನ್ನು ಬಾಯಿಬಿಟ್ಟು ಹೇಳಿದ್ದು ಐವತ್ತು ವರ್ಷದ ಮೇಲೆ. 2022ರಲ್ಲಿ ತೀರಿಕೊಂಡಳು. ಅದೇ 1959ರಲ್ಲಿ ಎಡಿನ್‌ಬರೋದಲ್ಲಿ ಪೆಟ್ರೀಷಿಯಾ ಜೇಕಬ್ಸ್ ಒಬ್ಬ ಗಂಡಸಿನಲ್ಲಿ ಒಂದು ಎಕ್ಸ್ ವರ್ಣತಂತು ಹೆಚ್ಚಿರುವುದನ್ನು ಕಂಡಳು. ಮರುವರ್ಷ 18 ಮತ್ತು 13ನೆಯದರ ಮೂರು ಪ್ರತಿ ಇರುವ ಕೂಸುಗಳ ವರದಿಗಳು ಬಂದವು. ಆ ಕೂಸುಗಳಲ್ಲಿ ಬಹಳಷ್ಟು ಮೊದಲ ಹುಟ್ಟುಹಬ್ಬ ಕಾಣುವುದಿಲ್ಲ.

ಇದನ್ನೆಲ್ಲ ನೋಡುವುದು ಹೇಗೆ? ಎರಡು ಮಿಲಿ ರಕ್ತ ಸಾಕು. ಹೆಪಾರಿನ್ ಹಾಕಿದ ಹಸಿರು ಮುಚ್ಚಳದ ನಳಿಕೆಯಲ್ಲಿ ಅದು ಬರುತ್ತದೆ. ರಕ್ತದ ಬಿಳಿಕಣಗಳು ಸುಮ್ಮನೆ ವಿಭಜನೆಯಾಗುವುದಿಲ್ಲ, ಅವನ್ನು ಎಬ್ಬಿಸಬೇಕು. ಎಬ್ಬಿಸುವ ಮದ್ದು ರಾಜ್ಮಾ ಜಾತಿಯ ಕಾಳಿನಿಂದ ತೆಗೆದ ಸತ್ವ. ಕೆಂಪುಕಣಗಳನ್ನು ಗಂಟು ಹಾಕಿಸಿ ಬೇರ್ಪಡಿಸಲೆಂದು ಅದನ್ನು ಬಳಸುತ್ತಿದ್ದಾಗ ಬಿಳಿಕಣಗಳು ಎದ್ದು ಕೂತದ್ದನ್ನು 1960ರಲ್ಲಿ ಪೀಟರ್ ನೊವೆಲ್ ಗಮನಿಸಿದ. ಮೈಶಾಖದಷ್ಟು, ಅಂದರೆ 37 ಡಿಗ್ರಿಯಲ್ಲಿ 72 ತಾಸು ಇಡುತ್ತೇವೆ. ಕೋಶಗಳು ಒಡೆಯುವ ನಡುದಾರಿಯಲ್ಲಿರುವಾಗ ಕಾಲ್ಚಿಸಿನ್ ಹಾಕಿ ನಿಲ್ಲಿಸುತ್ತೇವೆ. ನಮ್ಮ ಕಾಡಿನ ಅಗ್ನಿಶಿಖೆಯ ಗಡ್ಡೆಯಲ್ಲೂ ಇರುವ ವಿಷ ಅದು. ಆಮೇಲೆ ತೆಳು ಉಪ್ಪುನೀರು. ಕೋಶ ನೀರು ಕುಡಿದು ಉಬ್ಬಿ, ಒಳಗಿನ ತಂತುಗಳು ದೂರದೂರವಾಗುತ್ತವೆ. ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಸಿಡ್‌ನಲ್ಲಿ ಅವನ್ನು ಗಟ್ಟಿಮಾಡಿ, ತಣ್ಣನೆಯ ಗಾಜಿನ ಮೇಲೆ ಮೇಲಿನಿಂದ ಒಂದೊಂದೇ ಹನಿ ಬಿಡುತ್ತೇವೆ. ಎಷ್ಟು ಎತ್ತರದಿಂದ ಬಿಡಬೇಕೆಂದು ಪ್ರತಿ ಟೆಕ್ನೀಷಿಯನ್ನನದೂ ಒಂದೊಂದು ಶಾಸ್ತ್ರ. ಕೈ ಪಳಗಿದವರು ಬಿಟ್ಟ ಹನಿಯಲ್ಲಿ ತಂತುಗಳು ಚೆಲ್ಲಿದ ಅವಲಕ್ಕಿಯ ಹಾಗೆ ಬಿಡಿಬಿಡಿಯಾಗಿ ಕಾಣುತ್ತವೆ.

ನಾವು ಕಲಿಯುವಾಗ ಕಂಪ್ಯೂಟರ್ ಇರಲಿಲ್ಲ. ಫೋಟೊ ತೊಳೆಸಿ, ಒಂದೊಂದೇ ತಂತುವನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ, ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ ಅಂಟು ಹಚ್ಚುತ್ತಿದ್ದೆವು. ಕಲಬುರಗಿಯ ಏಪ್ರಿಲ್ ಬಿಸಿಲಲ್ಲೂ ಫ್ಯಾನ್ ಬಂದ್. ಗಾಳಿ ಬಂದರೆ ಮೊದಲು ಹಾರುವುದು 21ನೆಯದು, ಎಲ್ಲಕ್ಕಿಂತ ಸಣ್ಣದು ಅದೇ ನೋಡಿ. ಅಳತೆಯ ಸಾಲಿನಲ್ಲಿ ಅದಕ್ಕೆ 22 ಎಂಬ ಅಂಕಿ ಸಲ್ಲಬೇಕಿತ್ತು. ಡೌನ್ ಸಿಂಡ್ರೋಮಿನ ಜೊತೆ 21 ಎಂಬ ಹೆಸರು ಅಂಟಿಕೊಂಡಿದ್ದರಿಂದ ಯಾರೂ ಬದಲಿಸಲಿಲ್ಲ. ಒಮ್ಮೆ ಮೇಜಿನ ಮೇಲೆ ಒಂದು 21 ಕಡಿಮೆ ಬಿತ್ತು. ಇಡೀ ಮಧ್ಯಾಹ್ನ ಹುಡುಕಿದ ಮೇಲೆ ಅದು ನನ್ನ ಮೊಣಕೈಗೆ ಬೆವರಿನಿಂದ ಅಂಟಿಕೊಂಡಿದ್ದನ್ನು ಜವಾನ ತೋರಿಸಿದ.

ಇನ್ನೊಂದು ಪ್ರಸಂಗಕ್ಕೆ ನಗಲಾರೆ. ಮೇ ತಿಂಗಳು. ಈ ಕಡೆಯ ಒಂದು ಹಳ್ಳಿಯ ಹದಿನೈದು ದಿನದ ಕೂಸಿನ ರಕ್ತವನ್ನು ದೂರದ ಊರಿನ ಒಂದು ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿದೆವು. ಡಬ್ಬಿಯನ್ನು ಇಂಜಿನ್ ಪೆಟ್ಟಿಗೆಯ ಪಕ್ಕ ಇಟ್ಟರಂತೆ. “ಕೋಶ ಬೆಳೆಯಲಿಲ್ಲ, ಮತ್ತೆ ಕಳಿಸಿರಿ” ಎಂಬ ಚೀಟಿ ಬಂತು. ಮತ್ತೆ ಸೂಜಿ ಚುಚ್ಚಿಸಲು ಆ ತಾಯಿ ಬರಲಿಲ್ಲ. ಆ ಕೂಸು ಯಾವ ಲೆಕ್ಕಕ್ಕೂ ಸೇರಲಿಲ್ಲ.

ನಾನು ಹೇಳಬೇಕೆಂದು ಬಂದದ್ದು ಈ ಲೆಕ್ಕದ ವಿಷಯವನ್ನೇ. ನನ್ನಂಥವರು ಲ್ಯಾಬಿನಲ್ಲಿ ಕೂತು ಎಣಿಸಿದ್ದು ಬಂದವರನ್ನು. ಡಾಕ್ಟರಿಗೆ ಅನುಮಾನ ಬಂದು, ಚೀಟಿ ಬರೆದು, ಬಸ್ ಚಾರ್ಜಿಗೆ ರೊಕ್ಕ ಹೊಂದಿಸಿ, ಹೊಲದ ಕೆಲಸ ಬಿಟ್ಟು ಬಂದವರು. ಅಂಥ ನೂರು ಮಕ್ಕಳಲ್ಲಿ ಇಷ್ಟು ಮಂದಿಗೆ ದೋಷವಿದೆ ಎಂದು ಪ್ರಬಂಧ ಬರೆದರೆ ಆ ಅಂಕಿಯಿಂದ ನಮ್ಮ ಲ್ಯಾಬಿನ ಬಾಗಿಲಿನ ಬಗ್ಗೆ ತಿಳಿಯುತ್ತದೆಯೇ ಹೊರತು ಊರಿನ ಬಗ್ಗೆ ತಿಳಿಯುವುದಿಲ್ಲ. ಊರಿನ ಬಗ್ಗೆ ತಿಳಿಯಬೇಕಾದರೆ ಹುಟ್ಟಿದವರೆಲ್ಲರನ್ನೂ ಎಣಿಸಬೇಕು, ಆರೋಗ್ಯವಾಗಿ ಕಾಣುವ ಕೂಸನ್ನೂ.

ಅದನ್ನು ಮಾಡಿದವರಿದ್ದಾರೆ. ಕೆನಡಾದ ಲಂಡನ್ ಎಂಬ ಊರಿನಲ್ಲಿ ಸಾಲಾಗಿ ಹುಟ್ಟಿದ 2,159 ಕೂಸುಗಳನ್ನು ಒಂದನ್ನೂ ಬಿಡದೆ ನೋಡಿ 1969ರಲ್ಲಿ ಪ್ರಕಟಿಸಿದರು. ಎಡಿನ್‌ಬರೋದಲ್ಲಿ ಜೇಕಬ್ಸ್ ಮತ್ತು ಸಂಗಡಿಗರು 11,680 ಕೂಸುಗಳನ್ನು ನೋಡಿ 1974ರಲ್ಲಿ ವರದಿ ಕೊಟ್ಟರು. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ 13 ವರ್ಷ ಪಟ್ಟು ಹಿಡಿದು 34,910 ಕೂಸುಗಳನ್ನು ನೋಡಿದರು. 1991ರ ಅವರ ಲೆಕ್ಕದಲ್ಲಿ 118 ಕೂಸಿಗೆ ಒಂದರಲ್ಲಿ ವರ್ಣತಂತುವಿನ ಯಾವುದಾದರೊಂದು ವ್ಯತ್ಯಾಸವಿತ್ತು. ಬೆಚ್ಚಬೇಡಿ. ಇವುಗಳಲ್ಲಿ ಬಹಳಷ್ಟು ಆ ಮನುಷ್ಯನಿಗೆ ಆಯುಷ್ಯದಲ್ಲಿ ಒಮ್ಮೆಯೂ ಗೊತ್ತಾಗದಂಥವು. ಎರಡು ತಂತುಗಳು ತುಂಡು ಅದಲುಬದಲು ಮಾಡಿಕೊಂಡಿರುತ್ತವೆ, ಒಟ್ಟು ಸರಕು ಸರಿಯಾಗಿಯೇ ಇರುತ್ತದೆ. ಅಥವಾ ಹೆಚ್ಚಿನ ಒಂದು ಎಕ್ಸ್ ಇರುವ ಹೆಣ್ಣು, ಮದುವೆಯಾಗಿ ಮಕ್ಕಳನ್ನು ಹೆತ್ತು ಸುಖವಾಗಿರುತ್ತಾಳೆ. ಬಂದವರನ್ನಷ್ಟೇ ನೋಡಿದ್ದರೆ ಇವರು ಕಾಣುತ್ತಲೇ ಇರಲಿಲ್ಲ.

ಬಂದವರ ಲೆಕ್ಕ ಎಷ್ಟು ಕೇಡು ಮಾಡಬಲ್ಲದು ಎನ್ನುವುದಕ್ಕೆ ಎಕ್ಸ್-ವೈ-ವೈ ಕಥೆಗಿಂತ ಬೇರೆ ಬೇಡ. ಒಂದು ವೈ ಹೆಚ್ಚಿರುವ ಗಂಡಸರು ಸ್ಕಾಟ್ಲೆಂಡಿನ ಒಂದು ಬಿಗಿಭದ್ರತೆಯ ಆಸ್ಪತ್ರೆಯ ಕೈದಿಗಳಲ್ಲಿ ಹೆಚ್ಚಾಗಿದ್ದಾರೆ ಎಂದು 1965ರಲ್ಲಿ ಲೇಖನ ಬಂತು, ಬರೆದದ್ದು ಅದೇ ಜೇಕಬ್ಸ್ ತಂಡ. ಪತ್ರಿಕೆಗಳು ಅದನ್ನು ಎತ್ತಿಕೊಂಡು ‘ಅಪರಾಧಿ ವರ್ಣತಂತು’ ಎಂದು ಕುಣಿದವು. ತೊಟ್ಟಿಲಲ್ಲಿ ಎಣಿಸಿದಾಗ ಸುಮಾರು ಸಾವಿರ ಗಂಡುಕೂಸಿಗೆ ಒಂದು ಹೀಗಿರುವುದು ತಿಳಿಯಿತು. ಅವರಲ್ಲಿ ಬಹುತೇಕ ಎಲ್ಲರೂ ತುಸು ಎತ್ತರವಾಗಿ ಬೆಳೆದು, ಸಾಲ ಸೋಲ ಮಾಡಿಕೊಂಡು, ನಮ್ಮ ನಿಮ್ಮ ಹಾಗೆಯೇ ಬಾಳಿದವರು. ಜೈಲಿನಲ್ಲಿ ಎಣಿಸಿದರೆ ಕಾಣುವುದು ಜೈಲಿಗೆ ಬಂದವರೇ.

ಆದರೆ ತೊಟ್ಟಿಲಲ್ಲಿ ಎಣಿಸುವುದೂ ನಿರಪಾಯವಲ್ಲ. ಬಾಸ್ಟನ್‌ನಲ್ಲಿ 1968ರಿಂದ ಸ್ಟ್ಯಾನ್ಲಿ ವಾಲ್ಜರ್ ಮತ್ತು ಪಾರ್ಕ್ ಜೆರಾಲ್ಡ್ ಎಂಬ ವೈದ್ಯರು ಹುಟ್ಟಿದ ಗಂಡುಮಕ್ಕಳನ್ನು ಪರೀಕ್ಷಿಸಿ, ಇಂಥ ಮಕ್ಕಳು ಹೇಗೆ ಬೆಳೆಯುತ್ತಾರೆಂದು ಮನೆಗೆ ಹೋಗಿ ನೋಡುತ್ತಿದ್ದರು. ನಿಮ್ಮ ಮಗನಲ್ಲಿ ಹೀಗಿದೆ ಎಂದು ಅಪ್ಪ ಅವ್ವನಿಗೆ ಹೇಳಿದ ಮೇಲೆ ಅವರು ಆ ಹುಡುಗನನ್ನು ನೋಡುವ ಕಣ್ಣೇ ಬೇರೆಯಾಗುವುದಿಲ್ಲವೇ? ಹುಡುಗ ಒಂದು ಕಲ್ಲು ಎಸೆದರೂ “ವರ್ಣತಂತು!” ಎನ್ನುವುದಿಲ್ಲವೇ? ಜಾನ್ ಬೆಕ್‌ವಿತ್ ಮುಂತಾದ ವಿಜ್ಞಾನಿಗಳೇ ಹೀಗೆ ಕೇಳಿ ಎದುರು ನಿಂತರು. 1975ರಲ್ಲಿ ತಪಾಸಣೆ ನಿಂತಿತು. ಎರಡೂ ಕಡೆಯವರ ಮಾತಿನಲ್ಲೂ ಹುರುಳಿದೆ ಎಂದು ನನಗೆ ಅನಿಸುತ್ತದೆ, ಮತ್ತು ಇದರಲ್ಲಿ ನಾನು ಇನ್ನೂ ಒಂದು ಕಡೆ ನಿಲ್ಲಲಾರೆ.

ಇನ್ನು ನಮ್ಮ ದೇಶ. ಮುಂಬೈ, ದೆಹಲಿ, ಬರೋಡಾಗಳ ಆಸ್ಪತ್ರೆಗಳಲ್ಲಿ ಐ. ಸಿ. ವರ್ಮಾ ಅವರ ತಂಡ 94,610 ನವಜಾತ ಶಿಶುಗಳನ್ನು ನೋಡಿತು. 1,150 ಕೂಸಿಗೆ ಒಂದು ಡೌನ್ ಸಿಂಡ್ರೋಮ್ ಎಂಬ ಲೆಕ್ಕ ನಾವೆಲ್ಲ ಬಳಸುವುದು ಅಲ್ಲಿಂದ ಬಂದದ್ದು. ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೇರಳದ ಕಡಲತೀರದ ಕಥೆ. ಕೊಲ್ಲಂ ಬಳಿಯ ಚವರ, ನೀಂಡಕರ ಕಡೆಯ ಮರಳಿನಲ್ಲಿ ಮೊನಾಜೈಟ್ ಇದೆ, ಅದರಲ್ಲಿ ಥೋರಿಯಂ. ಜನ ತಲೆಮಾರುಗಳಿಂದ ವಿಕಿರಣದ ಮೇಲೆಯೇ ಮಲಗಿ ಏಳುತ್ತಾರೆ. ಅಲ್ಲಿ ಡೌನ್ ಸಿಂಡ್ರೋಮ್ ಹೆಚ್ಚಿದೆ ಎಂದು 1976ರಲ್ಲಿ ಕೊಚ್ಚುಪಿಳ್ಳೈ, ವರ್ಮಾ, ರಾಮಲಿಂಗಸ್ವಾಮಿ ಮೊದಲಾದವರು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅವರು ಮನೆಮನೆ ತಿರುಗಿ ಎಣಿಸಿದ್ದರು. ಆದರೆ ಹೋಲಿಕೆಗೆ ಆರಿಸಿದ, ವಿಕಿರಣವಿಲ್ಲದ ಊರುಗಳಲ್ಲಿ ಅವರಿಗೆ ಅಂಥ ಒಂದು ಮಗುವೂ ಸಿಗಲಿಲ್ಲ. ಎದುರಾಳಿಗಳು ಹಿಡಿದದ್ದು ಆ ಸೊನ್ನೆಯನ್ನೇ. ಸಾವಿರಾರು ಜನರಲ್ಲಿ ಒಂದೂ ಇಲ್ಲ ಎನ್ನುವುದು ಹೇಗೆ?

ಸೊನ್ನೆ ಹೇಗೆ ಬರುತ್ತದೆಂದು ನಮಗೆ ಗೊತ್ತು, ಅಲ್ಲವೇ? ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುತ್ತದೆ. “ಕೂಸಿಗಿ ದಮ್ ಬಂತು, ಹ್ವಾತು” ಎಂದು ಮಣ್ಣು ಮಾಡಿ ಬಂದರೆ, ಐದು ವರ್ಷದ ಮೇಲೆ ಕಾಗದ ಹಿಡಿದು ಬಂದವನಿಗೆ ಆ ಮನೆಯಲ್ಲಿ ಸೊನ್ನೆಯೇ ಸಿಗುವುದು. ಕೇರಳದ ಆ ಊರುಗಳಲ್ಲಿ ಹಾಗೇ ಆಯಿತೆಂದು ನಾನು ಹೇಳುತ್ತಿಲ್ಲ, ನಮ್ಮ ಊರುಗಳಲ್ಲಿ ಹೀಗಾಗುವುದನ್ನು ಕಂಡಿದ್ದೇನೆ. ಆಮೇಲೆ ಭಾಭಾ ಅಣು ಸಂಶೋಧನಾ ಕೇಂದ್ರದವರು ಹೆರಿಗೆ ಕೋಣೆಗೇ ಹೋಗಿ, ಹೊಕ್ಕುಳಬಳ್ಳಿಯ ರಕ್ತ ತೆಗೆದು 10,230 ಕೂಸುಗಳ ವರ್ಣತಂತು ನೋಡಿದರು. 1999ರಲ್ಲಿ ಬಂದ ಆ ವರದಿಯಲ್ಲಿ ವಿಕಿರಣದ ಊರಿಗೂ ಉಳಿದ ಊರಿಗೂ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಬಳ್ಳಿಯ ರಕ್ತ ಹೇಗೂ ಚೆಲ್ಲಿ ಹೋಗುವಂಥದು, ಕೂಸಿಗೆ ಸೂಜಿ ಚುಚ್ಚುವ ಪ್ರಮೇಯವಿಲ್ಲ. ನನಗೆ ಬಹಳ ಹಿಡಿಸಿದ ಉಪಾಯ ಅದು.

ಕೇರಳದ ಮಾತು ಇಲ್ಲಿ ಯಾಕೆ ಅಂದಿರಾ? ಇದೇ ಭೀಮಾ ಕಣಿವೆಯ ಕಲ್ಲಿನಲ್ಲಿ, ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಸಿಕ್ಕಿದೆ. ಗಣಿಯ ಮಾತು ಬಂದಾಗ ಅಲ್ಲಿಯ ಜನ ಬೀದಿಗಿಳಿದರು. ಗಣಿ ಬರಲಿ, ಬಾರದಿರಲಿ, ನಾಳೆ ಯಾರಾದರೂ “ಕೂಸುಗಳು ಹೀಂಗ ಯಾಕ ಹುಟ್ಟಾಕತ್ತಾವ?” ಎಂದು ಕೇಳಿದರೆ, ಮೊದಲು ಹೇಗೆ ಹುಟ್ಟುತ್ತಿದ್ದವು ಎಂಬ ಲೆಕ್ಕ ಕೈಯಲ್ಲಿರಬೇಕು. ಆ ಲೆಕ್ಕವಿಲ್ಲದೆ ಕಂಪನಿಯವರ ಬಾಯಿ ಮುಚ್ಚಿಸಲಿಕ್ಕೂ ಆಗುವುದಿಲ್ಲ, ಜನರ ಹೆದರಿಕೆ ಬಿಡಿಸಲಿಕ್ಕೂ ಆಗುವುದಿಲ್ಲ.

ಈಗ ಕಳ್ಳುಬಳ್ಳಿಯ ವಿಷಯ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರಿಂದ ಕರ್ನಾಟಕದ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ಹಿಮ್ಮಡಿಯ ರಕ್ತದ ಹನಿ ತೆಗೆದು ಪರೀಕ್ಷಿಸಿದರು. ಅವರು ನೋಡಿದ ಮದುವೆಗಳಲ್ಲಿ ಸುಮಾರು ಮೂರರಲ್ಲೊಂದು ರಕ್ತಸಂಬಂಧದ್ದು. ಅವರು ಹುಡುಕಿದ್ದು ಅಮೈನೋ ಆಮ್ಲದ ರೋಗಗಳನ್ನು. ಅಂಥ ಕೆಲವು ರೋಗಗಳಿಗೆ ಸೋದರಿಕೆಯ ಮದುವೆ ದಾರಿ ಮಾಡಿಕೊಡುವುದು ನಿಜ; ಒಂದೇ ಮನೆತನದ ಕೆಟ್ಟ ಬೀಜ ಎರಡೂ ಕಡೆಯಿಂದ ಬಂದು ಸೇರುತ್ತದೆ. ಡೌನ್ ಸಿಂಡ್ರೋಮ್ ಅಂಥದ್ದಲ್ಲ. ಇಲ್ಲಿ ಬೀಜ ಗಟ್ಟಿಯೇ ಇದೆ. ಬಿತ್ತುವಾಗ ಕೂರಿಗೆಯ ಒಂದು ತಾಳಿನಲ್ಲಿ ಎರಡು ಕಾಳು ಒಟ್ಟಿಗೆ ಇಳಿದಿವೆ. “ಮಾವಗ ಕೊಟ್ಟೀರಿ, ಅದಕ್ಕ ಹೀಂಗಾತು” ಎಂದು ಈ ತಾಯಂದಿರಿಗೆ ಹೇಳುವ ಡಾಕ್ಟರರೂ ಇದ್ದಾರೆ. ಅದು ತಪ್ಪು. ನೂರರಲ್ಲಿ ಮೂರು ನಾಲ್ಕು ಮಕ್ಕಳಲ್ಲಿ ಮಾತ್ರ ಹೆಚ್ಚಿನ 21 ಇನ್ನೊಂದು ತಂತುವಿಗೆ ಅಂಟಿಕೊಂಡಿರುತ್ತದೆ. ಅಂಥಲ್ಲಿ ಅಪ್ಪ ಅವ್ವನ ರಕ್ತವನ್ನೂ ನೋಡಬೇಕು, ಮುಂದಿನ ಬಸಿರಿಗೆ ಅದು ಲೆಕ್ಕಕ್ಕೆ ಬರುತ್ತದೆ.

ಕಾಳು ಜೋಡಿಯಾಗಿ ಇಳಿಯುವುದು ಯಾಕೆ? ತಾಯಿಯ ವಯಸ್ಸು ಎಂದು 1933ರಲ್ಲೇ ಲಯೊನೆಲ್ ಪೆನ್‌ರೋಸ್ ತೋರಿಸಿದ್ದ. ಮೂವತ್ತೈದು ದಾಟಿದ ಮೇಲೆ ಅಪಾಯ ಏರುತ್ತದೆ. ಆದರೆ ನಮ್ಮ ಕಡೆ ಹಡೆಯುವವರೇ ಬಹುತೇಕ ಇಪ್ಪತ್ತರ ಆಚೀಚೆಯವರು, ಹಾಗಾಗಿ ಇಂಥ ಕೂಸುಗಳೂ ಹೆಚ್ಚಾಗಿ ಅವರ ಮಡಿಲಿಗೇ ಬರುತ್ತವೆ. ಮೈಸೂರಿನ ಮಾನಸಗಂಗೋತ್ರಿಯ ಎಸ್. ಎಸ್. ಮಾಲಿನಿ ಮತ್ತು ಎನ್. ಬಿ. ರಾಮಚಂದ್ರ ಅವರು ಈ ಒಗಟನ್ನು ಹಿಡಿದು ಡೌನ್ ಸಿಂಡ್ರೋಮ್ ಮಗುವಿರುವ 69 ಕುಟುಂಬಗಳ ವಂಶಾವಳಿ ಬರೆದರು. 2006ರಲ್ಲಿ ಅವರು ಕೊಟ್ಟ ಉತ್ತರ ಯಾರೂ ನಿರೀಕ್ಷಿಸದ್ದು: ಕೂಸಿನ ಆಯಿ, ಅಂದರೆ ತಾಯಿಯ ತಾಯಿ, ತನ್ನ ಮಗಳನ್ನು ಹಡೆದಾಗ ಎಷ್ಟು ವಯಸ್ಸಿನವಳಾಗಿದ್ದಳೋ ಅದೂ ಲೆಕ್ಕಕ್ಕೆ ಬರುತ್ತದೆ.

ಮೊದಲ ಸಲ ಓದಿದಾಗ ನಾನೂ ಹುಬ್ಬೇರಿಸಿದೆ. ಆಮೇಲೆ ತರಗತಿಯಲ್ಲಿ ವರ್ಷವರ್ಷ ನಾನೇ ಹೇಳುತ್ತಿದ್ದ ಪಾಠ ನೆನಪಾಯಿತು. ಹೆಣ್ಣಿನ ಅಂಡಗಳೆಲ್ಲ ಆಕೆ ಹುಟ್ಟುವ ಮೊದಲೇ ತಯಾರಾಗುತ್ತವೆ. ಆಯಿಯ ಹೊಟ್ಟೆಯಲ್ಲಿ ಅವ್ವ ಇನ್ನೂ ಭ್ರೂಣವಾಗಿರುವಾಗಲೇ ಅವ್ವನ ಅಂಡದಲ್ಲಿ ತಂತುಗಳು ಜೋಡಿಯಾಗಿ ಕೈ ಹಿಡಿದು ನಿಲ್ಲುತ್ತವೆ, ಇಪ್ಪತ್ತು ಮೂವತ್ತು ವರ್ಷ ಹಾಗೇ ಕಾಯುತ್ತವೆ. ನಾವೆಲ್ಲ ಒಂದಿಷ್ಟು ನಮ್ಮ ಆಯಿಯ ಬಸಿರಲ್ಲೇ ಇದ್ದವರು. 69 ಕುಟುಂಬ ಸಣ್ಣ ಸಂಖ್ಯೆ, ಇದೊಂದರಿಂದಲೇ ಷರಾ ಬರೆಯಲಾಗದು. ನನಗಿರುವ ಅಂಜಿಕೆ ಬೇರೆ. ಗ್ರಹಣದ ಮಾತು ಹೋಗಿ ಸೋದರಿಕೆಯ ಮಾತು ಬಂತು, ಅದೂ ಹೋಗಿ ಇನ್ನು “ನಿಮ್ಮವ್ವ ಮುದುಕಿಯಾಗಿ ಹಡದಾಳ” ಎಂಬ ಮಾತು ಬಂದೀತು. ತಿರುತಿರುಗಿ ಹೆಣ್ಣಿನ ತಲೆಯ ಮೇಲೇ.

ಎಣಿಸಿ ಏನು ಮಾಡುವುದು ಎಂದು ಕೇಳುವವರಿದ್ದಾರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದಲೇ ನೋಡಬೇಕಾದ ದೋಷಗಳ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಇದೆ. ಹೆರಿಗೆಯಾದಲ್ಲಿ ನರ್ಸು ನೋಡಬೇಕು, ಮನೆಗೆ ಬಂದ ಮೇಲೆ ಆಶಾ ನೋಡಬೇಕು. ವರ್ಣತಂತುವನ್ನು ಯಾರೂ ತಿದ್ದಲಾರರು. ಆದರೆ ಹೃದಯಕ್ಕೆ ಎಕೋ ಮಾಡಿಸಬಹುದು, ತೂತು ಮುಚ್ಚಬಹುದು. ಥೈರಾಯ್ಡ್ ನೋಡಿ ಗುಳಿಗೆ ಕೊಡಬಹುದು. ಜೋಲುವ ಕತ್ತನ್ನು ದಿನಾ ಹತ್ತು ನಿಮಿಷ ವ್ಯಾಯಾಮ ಮಾಡಿಸಿ ನಿಲ್ಲಿಸಬಹುದು. ಅಂಗೈಯ ನಡುವೆ ಒಂದೇ ಅಡ್ಡಗೆರೆ, ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಅಗಲ ಸಂದು: ಕೂಸಿಗೆ ಎರೆಯುವ ಮುದುಕಿಯ ಕೈಗೆ ಇದು ಡಾಕ್ಟರಿಗಿಂತ ಮೊದಲು ತಿಳಿಯುತ್ತದೆ. ಆಕೆಯನ್ನು ಕೇಳಿರಿ. ಈ ಗುರುತುಗಳು ಏನೂ ತೊಂದರೆಯಿಲ್ಲದ ಕೂಸಿನಲ್ಲೂ ಇರಬಹುದು, ಹಾಗಾಗಿ ರಿಪೋರ್ಟ್ ಬರುವ ತನಕ ಓಣಿಯಲ್ಲಿ ಹೇಳಬೇಡಿ.

ಉಪನ್ಯಾಸ ಇಷ್ಟಕ್ಕೇ ಮುಗಿದಿತ್ತು. ಚಹಾ ಕುಡಿಯುವಾಗ ನಡೆದದ್ದನ್ನು ಅಚ್ಚಿಗೆ ಕೊಡುವಾಗ ಸೇರಿಸಿದ್ದೇನೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಆಶಾ ಕಾರ್ಯಕರ್ತೆ ರಜಿಸ್ಟರ್ ಎದೆಗವಚಿಕೊಂಡು ಬಂದಳು. ಹೋದ ತಿಂಗಳು ಆಕೆಯ ಪಾಲಿನ ಓಣಿಯಲ್ಲಿ ಹನ್ನೊಂದು ದಿನದ ಒಂದು ಕೂಸು ತೀರಿಕೊಂಡಿತ್ತಂತೆ.

“ಡಾಕ್ಟರ್ ಬಾಯಾರ, ಹೆಸರು ಇಟ್ಟಿದ್ದಿಲ್ಲರಿ ಅದಕ್ಕ. ಕೈಗೆರಿ ನಾ ನೋಡೀನಿ, ಒಂದೇ ಇತ್ತು. ಸತ್ತದ್ದೂ ಬರೀಬೇಕೇನ್ರಿ?”

“ಬರೀವಾ. ಅವರವ್ವನ ವಯಸ್ಸು ಬರಿ, ಆಯಿದೂ ಕೇಳಿ ಬರಿ.”

ಆಕೆ ಅಲ್ಲೇ ಕುರ್ಚಿಯ ತುದಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದಳು.